ತಲೆಯಿಲ್ಲದ ಸರ್ವರ್, ನಾಲ್ಕು ತಾಲ್ಲೂಕುಗಳ ಹೆಸರು

ಬ್ಲಾಗಿನ ಕಡೆ ಬಂದು ಮೂರು ತಿಂಗಳ ಮೇಲಾಯ್ತು. ಕಾರಣ ಕೇಳಬೇಡಿ, ಎಲ್ಲ ಸಾಫ್ಟ್‌ವೇರ್ ಇಂಜಿನಿಯರುಗಳ ಕಾರಣವೇ ನನ್ನದೂ: ಕೆಲಸ. ಆದರೆ ಈ ಸಲದ ಕೆಲಸದಲ್ಲಿ ಬ್ಲಾಗಿಗೆ ಬರೆಯುವಂಥದ್ದೊಂದು ಸಿಕ್ಕಿತು. ಮೊದಲೇ ಹೇಳಿಬಿಡ್ತೀನಿ, ಇದರಲ್ಲಿ ಸ್ವಲ್ಪ ತಾಂತ್ರಿಕ ಇದೆ, ಸ್ವಲ್ಪ ಇತಿಹಾಸ ಇದೆ, ಮಧ್ಯೆ ನಮ್ಮ ಹಾಸನ ಜಿಲ್ಲೆ ಇದೆ. ಕಂಪ್ಯೂಟರಿನ ಒಳಗುಟ್ಟು ಗೊತ್ತಿಲ್ಲದವರಿಗೂ ಅರ್ಥವಾಗುತ್ತೆ ಅನ್ನೋ ಧೈರ್ಯದ ಮೇಲೆ ಬರೀತಿದ್ದೀನಿ.

ಹೊಳೆನರಸೀಪುರದ ಕಡೆ ಇರುವ ನಮ್ಮ ದೊಡ್ಡಪ್ಪ ಒಂದು ದಿನ ಫೋನ್ ಮಾಡಿದರು. ಆಲೂಗೆಡ್ಡೆ ಕಿತ್ತು ಮಾರಿದ್ದರು. ಕೊಂಡವರು ತೂಕದ ಚೀಟಿ ಕೊಟ್ಟಿದ್ದರು. "ಮಗಾ, ನೀನು ಕಂಪ್ಯೂಟರ್ ಓದಿರೋನು, ಈ ಚೀಟಿ ಏನ್ ಹೇಳ್ತದೆ ಸ್ವಲ್ಪ ನೋಡಪ್ಪಾ" ಅಂತ ವಾಟ್ಸಾಪಿನಲ್ಲಿ ಫೋಟೋ ಕಳಿಸಿದರು. ತೆಗೆದು ನೋಡಿದೆ. ತಾರೀಕು ಸರಿ ಇತ್ತು, ತೂಕ ಸರಿ ಇತ್ತು, ರೂಪಾಯಿ ಸರಿ ಇತ್ತು. ಹೆಸರು ಅನ್ನೋ ಜಾಗದಲ್ಲಿ ಮಾತ್ರ ಸಾಲಾಗಿ ಖಾಲಿ ಚೌಕಗಳು. ಊರು, ಚೌಕಗಳು. ತಾಲ್ಲೂಕು, ಮತ್ತೆ ಚೌಕಗಳು.

"ದುಡ್ಡು ಎಷ್ಟು ಅಂತ ಐತೆ, ಅದು ನಂದು ಅಂತ ಎಲ್ಲೈತೆ?" ಅಂದರು ದೊಡ್ಡಪ್ಪ.

ನನಗೆ ಎದೆ ಧಸಕ್ಕೆಂದಿತು. ಯಾಕಂದ್ರೆ ಆ ಚೀಟಿ ಬರೆಯೋ ಪ್ರೋಗ್ರಾಂ ಬರೆದದ್ದು ನಾನೇ :-( ದೊಡ್ಡಪ್ಪನಿಗೆ ಅದು ಗೊತ್ತಿರಲಿಲ್ಲ. ನನಗೂ ನಮ್ಮ ಕಂಪನಿಯ ಆ ಗಿರಾಕಿಗೇ ದೊಡ್ಡಪ್ಪ ಆಲೂಗೆಡ್ಡೆ ಹಾಕ್ತಾರೆ ಅಂತ ಗೊತ್ತಿರಲಿಲ್ಲ.

ಆ ಚೌಕಗಳು ಎಲ್ಲಿಂದ ಬಂದವು ಅಂತ ಹುಡುಕಿಕೊಂಡು ಹೋದವನು 1984ಕ್ಕೆ ಹೋಗಿ ತಲುಪಿದೆ. ಅಲ್ಲಿಂದಲೇ ಶುರು ಮಾಡೋಣ.

*

1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಅಥೀನಾ ಅನ್ನೋ ಯೋಜನೆ ನಡೀತಾ ಇತ್ತು. ಕ್ಯಾಂಪಸ್ಸಿನ ತುಂಬಾ ಬೇರೆ ಬೇರೆ ಕಂಪನಿಗಳ ಕಂಪ್ಯೂಟರುಗಳು. ಎಲ್ಲಿಯೋ ಓಡುವ ಪ್ರೋಗ್ರಾಂ ಇನ್ನೆಲ್ಲಿಯೋ ಕೂತ ವಿದ್ಯಾರ್ಥಿಯ ಪರದೆಯ ಮೇಲೆ ಚಿತ್ರ ತೋರಿಸಬೇಕು. ಇದಕ್ಕಾಗಿ ರಾಬರ್ಟ್ ಶೈಫ್ಲರ್ ಮತ್ತು ಜಿಮ್ ಗೆಟಿಸ್ ಅನ್ನುವವರು ಒಂದು ವ್ಯವಸ್ಥೆ ಕಟ್ಟಿದರು. ಅದಕ್ಕೂ ಮುಂಚೆ ಇದ್ದದ್ದರ ಹೆಸರು 'ಡಬ್ಲ್ಯು', ಅದರ ಮುಂದಿನ ಅಕ್ಷರ ಅಂತ ಇದಕ್ಕೆ 'ಎಕ್ಸ್' ಅಂತ ಹೆಸರಿಟ್ಟರು. 1987ರ ಸೆಪ್ಟೆಂಬರಿನಲ್ಲಿ ಅದರ 11ನೇ ರೂಪ ಬಂತು. ಎಕ್ಸ್11 ಅನ್ನೋದು ಅದೇ. ಇವತ್ತಿಗೂ ಎಷ್ಟೋ ಲಿನಕ್ಸ್ ಯಂತ್ರಗಳಲ್ಲಿ ಅದು ಓಡ್ತಾ ಇದೆ.

ಇದರಲ್ಲಿ ಹೊಸಬರಿಗೆ ತಲೆಕೆಡಿಸುವ ಒಂದು ವಿಷಯ ಇದೆ. ನಾವೆಲ್ಲ ಸರ್ವರ್ ಅಂದ್ರೆ ದೂರದ ದೊಡ್ಡ ಯಂತ್ರ ಅಂದ್ಕೋತೀವಿ. ಎಕ್ಸ್‌ನಲ್ಲಿ ಹಾಗಲ್ಲ. ನಿಮ್ಮ ಮುಂದಿರೋ ಪರದೆ, ಕೀಲಿಮಣೆ, ಮೌಸ್ ನೋಡಿಕೊಳ್ಳುವುದೇ 'ಸರ್ವರ್'. ದೂರದ ದೊಡ್ಡ ಯಂತ್ರದಲ್ಲಿ ಓಡುವ ಪ್ರೋಗ್ರಾಂ ಅದರ ಬಾಗಿಲಿಗೆ ಬಂದು "ಇಲ್ಲೊಂದು ಗೆರೆ ಎಳೆದುಕೊಡಿ ಸ್ವಾಮಿ" ಅಂತ ಕೇಳೋ ಗಿರಾಕಿ. ಯಾವ ಬಾಗಿಲಿಗೆ ಹೋಗಬೇಕು ಅನ್ನೋದನ್ನ 'ಡಿಸ್‌ಪ್ಲೇ' ಅನ್ನೋ ಒಂದು ವೇರಿಯಬಲ್ ಹೇಳುತ್ತೆ. ಅದರೊಳಗೆ ಯಂತ್ರದ ಹೆಸರು, ಕೋಲನ್, ಒಂದು ಸಂಖ್ಯೆ. ಅದು ಖಾಲಿ ಇದ್ದರೆ ಗಿರಾಕಿಗೆ ವಿಳಾಸವೇ ಇಲ್ಲ, ಗೆರೆ ಎಳೆಯೋರೂ ಇಲ್ಲ.

ಆ ಕಾಲಕ್ಕೆ ಇದರಲ್ಲಿ ತಪ್ಪೇನೂ ಇರಲಿಲ್ಲ. ಚಿತ್ರ ಬಿಡಿಸೋದು ಯಾರೋ ನೋಡಲಿ ಅಂತ. ನೋಡೋರೇ ಇಲ್ಲದ ಕಡೆ ಚಿತ್ರ ಯಾಕೆ ಬಿಡಿಸ್ತಾರೆ?

*

ಬಿಡಿಸೋ ಕಾಲ ಬಂತು. 1996ರ ಜನವರಿಯಲ್ಲಿ ಜಾವಾದ ಮೊದಲ ಆವೃತ್ತಿ ಹೊರಬಂತು. ಅದರ ಜೊತೆಗೆ ಕಿಟಕಿ, ಬಟನ್, ಚಿತ್ರಗಳಿಗೆ ಅಂತ 'ಎಡಬ್ಲ್ಯುಟಿ' ಅನ್ನೋ ಟೂಲ್‌ಕಿಟ್. ಜಾವಾದ ಘೋಷಣೆ ಗೊತ್ತಲ್ಲ, ಒಂದು ಸಲ ಬರೆದರೆ ಎಲ್ಲ ಕಡೆ ಓಡುತ್ತೆ ಅಂತ. ಆದರೆ ಈ ಟೂಲ್‌ಕಿಟ್ ಬಟನ್ನನ್ನ ತಾನೇ ಬಿಡಿಸುತ್ತಿರಲಿಲ್ಲ. ವಿಂಡೋಸ್ ಇದ್ದರೆ ವಿಂಡೋಸಿನ ಬಟನ್, ಯುನಿಕ್ಸ್ ಇದ್ದರೆ ಎಕ್ಸ್ ಮೇಲೆ ಕೂತ ಮೋಟಿಫ್ ಅನ್ನೋದರ ಬಟನ್. ಪ್ರತಿಯೊಂದಕ್ಕೂ ಕೆಳಗಡೆ ಒಬ್ಬ ಜೊತೆಗಾರ. ಇಂಗ್ಲಿಷಿನಲ್ಲಿ 'ಪೀರ್' ಅಂತಲೇ ಹೆಸರು.

ಇದಾಗಿ ಸ್ವಲ್ಪದರಲ್ಲೇ ಜಾವಾ ಮನೆಯ ಕಂಪ್ಯೂಟರಿಗಿಂತ ಹೆಚ್ಚಾಗಿ ಸರ್ವರುಗಳಲ್ಲಿ ಬೇರು ಬಿಟ್ಟಿತು. ವೆಬ್‌ಸೈಟುಗಳು ಜಾವಾದಲ್ಲಿ ಓಡತೊಡಗಿದವು. ಷೇರಿನ ಬೆಲೆಯ ಗ್ರಾಫ್ ಬೇಕು, ಸಣ್ಣ ಭೂಪಟ ಬೇಕು, ಫೋಟೋ ಚಿಕ್ಕದು ಮಾಡಬೇಕು. ಇವಕ್ಕೆಲ್ಲ ಚಿತ್ರ ಬಿಡಿಸೋ ಕೋಡ್ ಬೇಕು. ಅದು ಇರೋದು ಆ ಟೂಲ್‌ಕಿಟ್ಟಿನ ಒಳಗೆ. ಟೂಲ್‌ಕಿಟ್ ಎದ್ದ ತಕ್ಷಣ ಮಾಡೋ ಮೊದಲ ಕೆಲಸ "ಎಕ್ಸ್ ಎಲ್ಲಿದೆ?" ಅಂತ ಹುಡುಕೋದು. ಡೇಟಾ ಸೆಂಟರಿನ ಕಬ್ಬಿಣದ ಚರಣಿಗೆಯಲ್ಲಿ ಸಿಕ್ಕಿಸಿಟ್ಟ ಯಂತ್ರಕ್ಕೆ ಪರದೆ ಎಲ್ಲಿಂದ ಬರಬೇಕು? 'ಎಕ್ಸ್11 ವಿಂಡೋ ಸರ್ವರಿನ ಸಂಪರ್ಕ ಸಿಗುತ್ತಿಲ್ಲ' ಅಂತ ಹೇಳಿ ಮಕಾಡೆ ಮಲಗುತ್ತಿತ್ತು. ಪರದೆಗೆ ಕಳಿಸಬೇಕಾಗಿಯೇ ಇರಲಿಲ್ಲ, ನೆನಪಿನಲ್ಲೇ ಬಿಡಿಸಿ ಫೈಲಿಗೆ ಬರೆಯಬೇಕಿತ್ತು ಅಷ್ಟೇ. ಆದರೂ ಪರದೆ ಬೇಕು ಅಂತ ಹಠ.

ಇನ್ನೊಂದು ಮೋಸ ಇತ್ತು. ಈ ನಿಜವಾದ ಕಾರಣ ಮೊದಲ ಸಲ ಮಾತ್ರ ಕಾಣಿಸುತ್ತಿತ್ತು. ಎರಡನೇ ಸಲದಿಂದ 'ಈ ಕ್ಲಾಸ್ ಶುರುವಾಗಲಿಲ್ಲ' ಅನ್ನೋ ಬೇರೆಯೇ ದೂರು. ಜಾವಾದಲ್ಲಿ ಒಂದು ಕ್ಲಾಸ್ ಹುಟ್ಟುವಾಗಲೇ ಎಡವಿದರೆ ಆಮೇಲೆ ಯಾರೇ ಕೇಳಿದರೂ ಅದು ಇಲ್ಲವೇ ಇಲ್ಲ ಅನ್ನೋ ಉತ್ತರ ಬರುತ್ತೆ. ಲಾಗಿನ ಕೊನೆಯ ಸಾಲು ನೋಡಿದವರು ಯಾವುದೋ ಫೈಲ್ ಕಳೆದುಹೋಗಿದೆ ಅಂತ ದಿನಗಟ್ಟಲೆ ಹುಡುಕುತ್ತಿದ್ದರು.

ನಮ್ಮ ಟೀಮಿನ ಹಿರಿಯರೊಬ್ಬರು ಆ ಕಾಲದವರು. ಅವರು ಹೇಳೋ ಕಥೆ ಇನ್ನೂ ಚೆನ್ನಾಗಿದೆ. ಸಂಜೆಯವರೆಗೆ ಸರ್ವರ್ ಗ್ರಾಫ್ ಚೆನ್ನಾಗಿ ಬಿಡಿಸ್ತಿತ್ತಂತೆ, ರಾತ್ರಿ ಸತ್ತುಹೋಗ್ತಿತ್ತಂತೆ. ಬೆಳಗ್ಗೆ ಬಂದು ರೀಸ್ಟಾರ್ಟ್ ಮಾಡಿದರೆ ಮತ್ತೆ ಸರಿ. ಒಂದು ವಾರ ಆದಮೇಲೆ ಗೊತ್ತಾದದ್ದೇನಂದ್ರೆ, ರೀಸ್ಟಾರ್ಟ್ ಮಾಡುವವರು ತಮ್ಮ ಮೇಜಿನ ಯಂತ್ರದಿಂದ ಎಕ್ಸ್ ಸಂಪರ್ಕ ಸಮೇತ ಲಾಗಿನ್ ಆಗ್ತಿದ್ದರು. ಡೇಟಾ ಸೆಂಟರಿನ ಜಾವಾ ಇವರ ಮೇಜಿನ ಪರದೆಯನ್ನೇ ನಂಬಿಕೊಂಡು ಚಿತ್ರ ಬಿಡಿಸ್ತಿತ್ತು. ಇವರು ಆರು ಗಂಟೆಗೆ ಕಂಪ್ಯೂಟರ್ ಆರಿಸಿ ಮನೆಗೆ ಹೊರಟರೆ ಅಲ್ಲಿ ಸರ್ವರಿನ ಕಣ್ಣು ಕತ್ತಲೆ :-)

*

ಇದಕ್ಕೆ ಆಗಿನವರು ಕಂಡುಕೊಂಡ ಉಪಾಯಗಳಲ್ಲಿ ಹೆಸರಾದದ್ದು 'ಎಕ್ಸ್‌ವಿಎಫ್‌ಬಿ'. ಬರೆದವರು ಡೇವಿಡ್ ವಿಗಿನ್ಸ್. ಅದೊಂದು ಪೂರ್ತಿ ಎಕ್ಸ್ ಸರ್ವರೇ, ಆದರೆ ಅದಕ್ಕೆ ಪರದೆಯೂ ಇಲ್ಲ, ಕೀಲಿಮಣೆಯೂ ಇಲ್ಲ. ಯಾರು ಬಂದು "ಗೆರೆ ಎಳಿ" ಅಂದರೂ ಹೂಂ ಅಂದು ಮೆಮೊರಿಯಲ್ಲೇ ಎಳೆದುಕೊಳ್ಳುತ್ತೆ. 1024 ಅಗಲ, 768 ಎತ್ತರದ ಪರದೆಗೆ, ಒಂದೊಂದು ಚುಕ್ಕಿಗೆ 4 ಬೈಟ್‌ನಂತೆ, ಲೆಕ್ಕ ಹಾಕಿದರೆ 31,45,728 ಬೈಟ್. ಅಂದರೆ 3 ಎಂಬಿ. ಜಾವಾ ತನಗೊಂದು ಪರದೆ ಇದೆ ಅಂದುಕೊಂಡು ನೆಮ್ಮದಿಯಿಂದ ಕೆಲಸ ಮಾಡುತ್ತಿತ್ತು.

ಇದನ್ನ ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ರಾಮಾಯಣದ ಕಬಂಧ. ತಲೆ ಇಲ್ಲ, ಮುಖ ಕಣ್ಣು ಎಲ್ಲ ಹೊಟ್ಟೆಯೊಳಗೆ. ಎಕ್ಸ್‌ವಿಎಫ್‌ಬಿ ಹಾಕಿದ ಸರ್ವರ್ ಅಂದರೆ ಕಬಂಧನೇ. ಹೊಟ್ಟೆಯೊಳಗೆ 3 ಎಂಬಿಯ ಪರದೆ ಇಟ್ಟುಕೊಂಡು ಕೈಗೆ ಸಿಕ್ಕಿದ್ದೆಲ್ಲ ಎಳೆದುಕೊಳ್ಳೋನು.

ಇನ್ನು ಕೆಲವರು ಎಡಬ್ಲ್ಯುಟಿಯ ಜಾಗದಲ್ಲಿ ಶುದ್ಧ ಜಾವಾದಲ್ಲೇ ಬರೆದ 'ಪಿಜೆಎ' ಅನ್ನೋ ಬದಲಿ ಟೂಲ್‌ಕಿಟ್ ಬಳಸಿದರು. ಇನ್ನೂ ಕೆಲವರು ಸರ್ವರಿಗೆ ಸುಮ್ಮನೆ ಒಂದು ಎಕ್ಸ್ ಓಡಿಸಿ ಬಿಟ್ಟರು, ನೋಡೋರಿಲ್ಲದಿದ್ದರೂ ದೇವಸ್ಥಾನದ ನಂದಾದೀಪದ ಹಾಗೆ.

ಕೊನೆಗೆ 2002ರ ಫೆಬ್ರವರಿಯಲ್ಲಿ ಜಾವಾ 1.4 ಬಂತು. ಒಳಗಿನ ಹೆಸರು ಮರ್ಲಿನ್. ಅದರಲ್ಲಿ 'ಹೆಡ್‌ಲೆಸ್' ಅನ್ನೋ ಸೌಲಭ್ಯ ಅಧಿಕೃತವಾಗಿ ಸೇರಿತು. ಈ ಯಂತ್ರಕ್ಕೆ ತಲೆ ಇಲ್ಲ ಅಂತ ನಾವೇ ಮೊದಲೇ ಹೇಳಿಬಿಡೋದು. ಆಗ ಟೂಲ್‌ಕಿಟ್ ಎರಡು ಭಾಗ ಆಗುತ್ತೆ. ಕಿಟಕಿ, ಬಟನ್, ಡೈಲಾಗ್ ಇವನ್ನ ತೆರೆಯೋಕೆ ಹೋದರೆ 'ಹೆಡ್‌ಲೆಸ್ ಎಕ್ಸೆಪ್ಷನ್' ಅಂತ ನೇರವಾಗಿ ಬೈಯುತ್ತೆ. ಚಿತ್ರ, ಬಣ್ಣ, ಗೆರೆ, ಅಕ್ಷರ ಇವನ್ನ ನೆನಪಿನಲ್ಲಿ ಬಿಡಿಸೋಕೆ ಮಾತ್ರ ಅಡ್ಡಿ ಇಲ್ಲ. ಆರು ವರ್ಷ ಗಂಟುಹಾಕಿಕೊಂಡಿದ್ದ ಎರಡು ವಿಷಯಗಳು, ಅಂದರೆ ಬಿಡಿಸೋದು ಮತ್ತು ತೋರಿಸೋದು, ಅವತ್ತು ಬೇರೆಯಾದವು. ಈಗಿನ ಜಾವಾ ಅಂತೂ ಲಿನಕ್ಸಿನಲ್ಲಿ ಡಿಸ್‌ಪ್ಲೇ ಇಲ್ಲ ಅಂದ್ರೆ ನಾವು ಹೇಳದೇ ತಾನೇ ತಲೆಯಿಲ್ಲದ ವೇಷ ಹಾಕಿಕೊಳ್ಳುತ್ತೆ. 2017ರಲ್ಲಿ ಕ್ರೋಮ್ ಬ್ರೌಸರಿಗೂ ತಲೆಯಿಲ್ಲದ ರೂಪ ಬಂತು.

ಇಂಜಿನಿಯರುಗಳ ಇತಿಹಾಸ ಇಲ್ಲಿಗೆ ಸುಖಾಂತ್ಯ. ನಮ್ಮ ದೊಡ್ಡಪ್ಪನ ಚೌಕಗಳ ಕಥೆ ಇಲ್ಲಿಂದ ಶುರು.

*

ಅದೇ 2002ರ ಹೊತ್ತಿಗೆ ನಮ್ಮ ಕಡೆ ಏನು ನಡೀತಿತ್ತು? ತಾಲ್ಲೂಕು ಕಚೇರಿಗಳಲ್ಲಿ 'ಭೂಮಿ' ಬಂದಿತ್ತು.

ಕೈಬರಹದ ಪಹಣಿಯ ಕಾಲ ಗೊತ್ತಿರೋ ಹಿರಿಯರಿಗೆ ವಿವರಿಸಬೇಕಾಗಿಲ್ಲ. ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರು. ಅವರ ಹತ್ತಿರ ಪುಸ್ತಕ, ಅದರಲ್ಲಿ ನಮ್ಮ ಜಮೀನು. ಅವರು ಸಿಗಬೇಕು, ಸಿಕ್ಕಾಗ ಮನಸ್ಸು ಮಾಡಬೇಕು. ಅದನ್ನೆಲ್ಲ ಕಂಪ್ಯೂಟರಿಗೆ ತರೋ ಯೋಜನೆಯ ಮುಂದಾಳು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನ ಕಂಪ್ಯೂಟರಿಗೆ ಹತ್ತಿಸಿದರು. ತಾಲ್ಲೂಕು ಕಚೇರಿಯ ಕಿಯಾಸ್ಕಿನಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ. ಪ್ರಪಂಚದ ಎಷ್ಟೋ ಕಡೆ ಇದರ ಬಗ್ಗೆ ಬರೆದರು. ಹೊಗಳಿದವರಿದ್ದಾರೆ, ದಲ್ಲಾಳಿಗಳು ರೂಪ ಬದಲಿಸಿದರಷ್ಟೇ ಅಂತ ಟೀಕೆ ಮಾಡಿದವರೂ ಇದ್ದಾರೆ.

ನನಗೆ ಅದರಲ್ಲಿ ಬಹಳ ಹಿಡಿಸಿದ್ದು ಒಂದು ಸಣ್ಣ ವಿಷಯ. ಕಿಯಾಸ್ಕಿನಲ್ಲಿ ಎರಡು ಪರದೆ. ಒಂದು ಒಳಗೆ ಕೂತ ನೌಕರನಿಗೆ. ಇನ್ನೊಂದು ಹೊರಗೆ ನಿಂತ ರೈತನ ಕಡೆಗೆ ಮುಖ ಮಾಡಿದ್ದು. ಒಳಗೆ ಏನು ಮಾಡ್ತಿದ್ದಾರೆ ಅನ್ನೋದು ಹೊರಗಿನವನಿಗೆ ಕಾಣಲಿ ಅಂತ. ನಮ್ಮ ತಾತ ಚನ್ನರಾಯಪಟ್ಟಣದ ತಾಲ್ಲೂಕು ಕಚೇರಿಗೆ ಹೋಗಿ ಬಂದು ಅದನ್ನೇ ಹೇಳ್ತಿದ್ದರಂತೆ: "ನಮ್ಮಪ್ಪನ ಹೆಸರು ಟೀವಿಲಿ ಬಂತು ಕಣೋ." ತಪ್ಪಿದ್ದರೆ ಅಚ್ಚಾಗೋ ಮುಂಚೆಯೇ ಕಿಟಕಿ ತಟ್ಟಿ ಹೇಳಬಹುದಿತ್ತು.

ಒಂದೇ ಹೊತ್ತು ನೋಡಿ. ಅತ್ತ ಜಾವಾದವರು ಸರ್ವರಿಂದ ಪರದೆ ಕಿತ್ತುಹಾಕೋಕೆ ದಾರಿ ಮಾಡಿದರು. ಇತ್ತ ಹೊಳೆನರಸೀಪುರ, ಅರಕಲಗೂಡುಗಳಂಥ ತಾಲ್ಲೂಕು ಕಚೇರಿಗಳಲ್ಲಿ ರೈತನಿಗೆ ಅಂತ ಒಂದು ಪರದೆ ಹೆಚ್ಚಿಗೆ ಇಟ್ಟರು. ಎರಡೂ ತಮ್ಮ ತಮ್ಮ ಜಾಗದಲ್ಲಿ ಸರಿಯೇ. ಆದರೆ ಮೊದಲನೆಯದನ್ನ ಕಲಿತ ನಾನು ಎರಡನೆಯದನ್ನ ಮರೆತಿದ್ದೆ.

*

ಈಗ ನನ್ನ ತಪ್ಪುಗಳ ಪಟ್ಟಿ. ಅದಕ್ಕೆ ಮುಂಚೆ ಕನ್ನಡ ಬರೆಯೋಕೆ ಸರ್ವರಿಗೆ ಚಿತ್ರ ಬಿಡಿಸೋ ಟೂಲ್‌ಕಿಟ್ ಯಾಕೆ ಬೇಕು ಅಂತ ಹೇಳ್ತೀನಿ.

ಇಂಗ್ಲಿಷ್ ಅಕ್ಷರಗಳು ಬಸ್ ಸ್ಟಾಂಡಿನ ಕ್ಯೂ ಇದ್ದಂತೆ, ಒಂದರ ಪಕ್ಕ ಒಂದು ನಿಲ್ಲಿಸಿದರೆ ಮುಗೀತು. ಕನ್ನಡ ಹಾಗಲ್ಲ. ಸ್ವರದ ಗುರುತು ವ್ಯಂಜನದ ತಲೆಕಟ್ಟನ್ನೇ ಬದಲಿಸುತ್ತೆ, ಒತ್ತು ಕೆಳಗಿಳಿಯುತ್ತೆ, ಅರ್ಕಾವತ್ತು ಹಿಂದಿನಿಂದ ಮುಂದೆ ಹೋಗುತ್ತೆ. ಈ ಜೋಡಿಸುವ ವಿದ್ಯೆ ಹಿಂದೆ ಮೊಳೆ ಜೋಡಿಸುವವರ ಕೈಯಲ್ಲಿತ್ತು. 80ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ಹುಟ್ಟಿ ಆಮೇಲೆ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ 'ಜಿಸ್ಟ್' ಕೆಲಸ ಅದನ್ನ ಕಂಪ್ಯೂಟರಿಗೆ ಸಿಕ್ಕಿಸುವ ಒಂದು ಕಾರ್ಡಿನೊಳಗೆ ಇಟ್ಟಿತು. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ತುಂಡುತುಂಡು ಆಕಾರಗಳನ್ನೇ ಅಕ್ಷರ ಅಂತ ಉಳಿಸಿಡುತ್ತಿದ್ದರು. ಫಾಂಟ್ ಇದ್ದರೆ ಮುದ್ದಾದ ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ. ಹಳೇ ಬ್ಲಾಗಿಗರಿಗೆ ಇದು ಚೆನ್ನಾಗಿ ಗೊತ್ತು.

ಯುನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿತು. ಅಲ್ಲಿ ಉಳಿಸಿಡೋದು ಶುದ್ಧ ಅಕ್ಷರ ಮಾತ್ರ, ಆಕಾರ ಅಲ್ಲ. ಹುಡುಕೋಕೆ, ಅಕಾರಾದಿಯಾಗಿ ಜೋಡಿಸೋಕೆ ಬಹಳ ಅನುಕೂಲ. ಆದರೆ ಕಾಣಬೇಕು ಅಂದ್ರೆ ಯಾರಾದರೂ ಆ ಕ್ಷಣದಲ್ಲಿ ಕೂಡಿಸಿ ಬಿಡಿಸಬೇಕು. ಜಾವಾದಲ್ಲಿ ಆ ಕೆಲಸ ಮಾಡೋದು ಇದೇ ಚಿತ್ರದ ಟೂಲ್‌ಕಿಟ್ಟಿನೊಳಗಿನ ಲೇಔಟ್ ಎಂಜಿನ್. ಮೊದಲು ಐಸಿಯು ಅನ್ನೋದಿತ್ತು, 2017ರ ಜಾವಾ 9ರಿಂದ ಹಾರ್ಫ್‌ಬಜ್ ಬಂತು. ಅಂದರೆ ಇಂಗ್ಲಿಷಿನವರಿಗೆ ಸರ್ವರಿನಲ್ಲಿ ಟೂಲ್‌ಕಿಟ್ ಬೇಕಾದದ್ದು ಗ್ರಾಫಿಗೆ. ನಮಗೆ ಬೇಕಾಗಿರೋದು ಹೆಸರು ಬರೆಯೋಕೆ!

ನನ್ನ ಮೊದಲ ತಪ್ಪು. ಟೂಲ್‌ಕಿಟ್ಟಿನ ಗೋಜೇ ಬೇಡ ಅಂತ ಒಂದು ಪಿಡಿಎಫ್ ಲೈಬ್ರರಿಗೆ ಅಕ್ಷರಗಳನ್ನ ನೇರವಾಗಿ ಕೊಟ್ಟೆ. ಪರೀಕ್ಷೆಗೆ ನನ್ನ ಜಿಲ್ಲೆಯ ಹೆಸರೇ ಹಾಕಿದೆ: ಹಾಸನ. ಚೆನ್ನಾಗೇ ಬಂತು. ಖುಷಿಯಾಗಿ ಕಾಫಿ ಕುಡಿಯೋಕೆ ಹೋದೆ.

'ಹಾಸನ'ದಷ್ಟು ಮೋಸದ ಪರೀಕ್ಷೆ ಇನ್ನೊಂದಿಲ್ಲ. ಅದರಲ್ಲಿ ಇರೋದು ನಾಲ್ಕೇ ಸಂಕೇತ: ಹ, ದೀರ್ಘದ ಗುರುತು, ಸ, ನ. ಒತ್ತಿಲ್ಲ, ಅರ್ಕಾವತ್ತಿಲ್ಲ. ಕೂಡಿಸೋಕೆ ಬರದ ಪ್ರೋಗ್ರಾಂ ಕೂಡ ಸಾಲಾಗಿ ನಿಲ್ಲಿಸಿದರೆ ಹೆಚ್ಚುಕಮ್ಮಿ ಹಾಸನವೇ ಕಾಣುತ್ತೆ. ಕನ್ನಡ ಬಂತು ಅಂತ ನಂಬಿಬಿಡ್ತೀವಿ.

ಮುಂದಿನ ಪರೀಕ್ಷೆ ಹೊಳೆನರಸೀಪುರ. 'ಹೊ' ನೋಡೋಕೆ ಒಂದೇ ಅಕ್ಷರ. ಆದರೆ ಯುನಿಕೋಡಿನ ಲೆಕ್ಕದಲ್ಲಿ ಒಕಾರದ ಗುರುತನ್ನ ಎಕಾರದ ಗುರುತು ಮತ್ತು ಊಕಾರದ ಗುರುತು ಅಂತ ಎರಡಾಗಿ ಬಿಡಿಸಬಹುದು. ಎಕಾರ 'ಹ'ದ ತಲೆಯ ಮೇಲೆ ಕೂರಬೇಕು, ಇನ್ನೊಂದು ಪಕ್ಕಕ್ಕೆ ಹೋಗಬೇಕು. 'ಸೀ' ಕೂಡ ಹಾಗೇ, ಗುಡಿಸು ತಲೆಗೆ, ದೀರ್ಘ ಪಕ್ಕಕ್ಕೆ. ನನ್ನ ಪ್ರೋಗ್ರಾಮಿನಲ್ಲಿ ಈ ಗುರುತುಗಳು ಮನೆಯಿಂದ ಹೊರಗೆ ಹಾಕಿದವರ ಹಾಗೆ ದೂರ ನಿಂತಿದ್ದವು.

ಮೂರನೆಯದು ಅರಕಲಗೂಡು. ಕೆಲವರು ಅರ್ಕಲಗೂಡು ಅಂತಲೂ ಬರೀತಾರೆ. ಹಾಗೆ ಬರೆದಾಗ ಯುನಿಕೋಡಿನಲ್ಲಿ ರ ಮೊದಲು ಬಂದು ಆಮೇಲೆ ಕ ಬರುತ್ತೆ, ಕಣ್ಣಿಗೆ ಮಾತ್ರ ಕ ಮೊದಲು, ಆಮೇಲೆ ಅರ್ಕಾವತ್ತು. ಕ್ರಮವನ್ನೇ ತಿರುಗಿಸಬೇಕು. ನನ್ನದರಲ್ಲಿ ಬಂದದ್ದು 'ಅರ್‌ಕಲಗೂಡು'.

ನಾಲ್ಕನೆಯದು ನಮ್ಮ ಚನ್ನರಾಯಪಟ್ಟಣ. 12 ಸಂಕೇತ, ಎರಡು ಒತ್ತು. ಬಂದದ್ದು 'ಚನ್‌ನರಾಯಪಟ್‌ಟಣ'. ಓದಿದರೆ ಬಿಕ್ಕಳಿಕೆ ಬಂದವರು ಊರಿನ ಹೆಸರು ಹೇಳಿದ ಹಾಗಿತ್ತು.

ಸರಿ, ಬುದ್ಧಿ ಬಂತು. ಹೆಸರನ್ನ ಜಾವಾದ ಟೂಲ್‌ಕಿಟ್ಟಿನಿಂದಲೇ ಬಿಡಿಸಿ, ಆ ಚಿತ್ರವನ್ನ ಪಿಡಿಎಫ್‌ನಲ್ಲಿ ಇಡೋಣ ಅಂತ ಬದಲಿಸಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ನಾಲ್ಕೂ ತಾಲ್ಲೂಕು ಮುತ್ತಿನ ಹಾಗೆ ಬಂದವು. ಸರ್ವರಿಗೆ ಹಾಕಿದೆ. ಸರ್ವರ್ ಅಂದರೆ ಈಗಿನ ಪದ್ಧತಿಯ ಹಾಗೆ ಸಣ್ಣ ಕಂಟೇನರ್, ಬೇಕಾದದ್ದು ಬಿಟ್ಟು ಬೇರೇನೂ ಇಲ್ಲದ ಲಿನಕ್ಸ್. ಅಲ್ಲಿ ಬಂದ ದೂರು: 'ಫಾಂಟ್‌ಕಾನ್ಫಿಗ್ ಹೆಡ್ ಈಸ್ ನಲ್'. ತಲೆಯಿಲ್ಲದ ಯಂತ್ರದಲ್ಲಿ ಫಾಂಟಿನ ತಲೆಯೂ ಇಲ್ಲವಂತೆ :-) 2002ರಿಂದ ಬಿಡಿಸೋಕೆ ಪರದೆ ಬೇಡ ನಿಜ, ಆದರೆ ಅಕ್ಷರದ ಆಕಾರ ತಿಳಿಯೋಕೆ ಫಾಂಟ್ ಬೇಕಲ್ಲ? ಆ ಕಂಟೇನರಿನಲ್ಲಿ ಒಂದೂ ಫಾಂಟ್ ಇರಲಿಲ್ಲ.

ಇಲ್ಲಿ ನನ್ನ ಎರಡನೇ ತಪ್ಪು, ದೊಡ್ಡದು. ಈ ದೂರಿಗೆ ಪ್ರಪಂಚದ ಇಂಜಿನಿಯರುಗಳೆಲ್ಲ ಹೇಳೋ ಉತ್ತರ ಒಂದೇ: ಡೇಜಾವೂ ಅನ್ನೋ ಫಾಂಟ್ ಹಾಕಿ. ಹಾಕಿದೆ. ದೂರು ನಿಂತಿತು. ಲಾಗಿನಲ್ಲಿ ಎಲ್ಲ ಹಸಿರು, ಎಲ್ಲ ಯಶಸ್ವಿ. ಶುಕ್ರವಾರ ಸಂಜೆ ಮನೆಗೆ ಹೋದೆ.

ಡೇಜಾವೂ ಒಳ್ಳೆಯ ಫಾಂಟೇ. ಗ್ರೀಕ್ ಇದೆ, ಅರಬ್ಬಿ ಇದೆ, ಆರ್ಮೇನಿಯನ್ ಇದೆ. ಕನ್ನಡ ಇಲ್ಲ. ಇಲ್ಲದ ಅಕ್ಷರ ಬಂದರೆ ಟೂಲ್‌ಕಿಟ್ ಕಿರುಚೋದಿಲ್ಲ, ಬೈಯೋದಿಲ್ಲ. ಸದ್ದಿಲ್ಲದೆ ಒಂದು ಖಾಲಿ ಚೌಕ ಬಿಡಿಸಿ ಮುಂದಕ್ಕೆ ಹೋಗುತ್ತೆ. ಅಂಕಿಗಳು ಇಂಗ್ಲಿಷಿನವು, ಅವು ಇದ್ದವು. ಲೆಕ್ಕ ನೋಡುವವರಿಗೆ ತೂಕ ರೂಪಾಯಿ ಸರಿ ಕಂಡಿತು, ಅವರು ಅಷ್ಟೇ ನೋಡಿದರು. ಮೂರು ದಿನ ನಾಲ್ಕೂ ತಾಲ್ಲೂಕಿನ ರೈತರಿಗೆ ಹೆಸರಿಲ್ಲದ ಚೀಟಿ ಹೋಯಿತು. ಅಷ್ಟು ಸಾವಿರ ಸಾಲು ಕೋಡಿನಲ್ಲಿ, ಅಷ್ಟು ಜನ ಇಂಜಿನಿಯರುಗಳ ಮಧ್ಯೆ, ಆ ಚಿತ್ರವನ್ನ ಮೊದಲ ಸಲ ನಿಜವಾಗಿ ನೋಡಿದವರು ನಮ್ಮ ದೊಡ್ಡಪ್ಪ.

*

ಸರಿಪಡಿಸೋಕೆ ಅರ್ಧ ಗಂಟೆ ಸಾಕಾಯಿತು. ನೋಟೋ ಸಾನ್ಸ್ ಕನ್ನಡ ಫಾಂಟನ್ನ ಕಂಟೇನರಿನೊಳಗೆ ಇಟ್ಟೆ. ಕನ್ನಡ ಅಂದ್ರೆ ಇದನ್ನೇ ಬಳಸು ಅಂತ ಪ್ರೋಗ್ರಾಮಿನಲ್ಲೇ ಹೆಸರಿಟ್ಟು ಹೇಳಿದೆ. ಬೇರೆಯವರಿಗೆ ಲೋಹಿತ್ ಕನ್ನಡ ಕೂಡ ಆಗುತ್ತೆ, ಎರಡೂ ಮುಕ್ತ ಫಾಂಟುಗಳು.

ಆದರೆ ಅದು ಸಾಲದು ಅನ್ನಿಸಿತು. ಒಂದು ಫಾಂಟಿನಲ್ಲಿ ಈ ಅಕ್ಷರಗಳೆಲ್ಲ ಇವೆಯಾ ಅಂತ ಕೇಳೋಕೆ ಜಾವಾದಲ್ಲಿ ಒಂದು ಸೌಲಭ್ಯ ಇದೆ. 'ಕ್ಯಾನ್ ಡಿಸ್‌ಪ್ಲೇ ಅಪ್ ಟು' ಅಂತ. ಎಲ್ಲ ಇದ್ದರೆ -1 ಅನ್ನುತ್ತೆ. ಅದನ್ನ ಈಗ ಪ್ರತಿ ಹೆಸರಿಗೂ ಕೇಳಿಸ್ತೀನಿ, ಇಲ್ಲ ಅಂದ್ರೆ ಚೀಟಿಯೇ ಹೊರಗೆ ಹೋಗಲ್ಲ. ಆದರೆ ಅದು ಅಕ್ಷರ ಇದೆಯಾ ಅಂತ ಹೇಳುತ್ತೆ ಹೊರತು ಒತ್ತು ಸರಿಯಾಗಿ ಕೂತಿದೆಯಾ ಅಂತ ಹೇಳಲ್ಲ. ಅದಕ್ಕೆ ಹೊಸ ಆವೃತ್ತಿ ಹಾಕಿದಾಗಲೆಲ್ಲ ಸರ್ವರಿನಲ್ಲೇ ಒಂದು ಪುಟ ಬಿಡಿಸ್ತೀವಿ. ಅದರಲ್ಲಿ ನಾಲ್ಕೇ ಸಾಲು: ಹಾಸನ, ಹೊಳೆನರಸೀಪುರ, ಅರ್ಕಲಗೂಡು, ಚನ್ನರಾಯಪಟ್ಟಣ. ಮೊದಲೇ ಸರಿ ಅಂತ ಒಪ್ಪಿದ ಚಿತ್ರದ ಜೊತೆ ಪ್ರೋಗ್ರಾಂ ಹೋಲಿಸುತ್ತೆ. ಆಮೇಲೆ ಕನ್ನಡ ಓದೋಕೆ ಬರೋ ಒಬ್ಬರು ಕಣ್ಣಲ್ಲಿ ನೋಡಿ ಹೂಂ ಅನ್ನಬೇಕು. ಟೀಮಿನಲ್ಲಿ ಇದಕ್ಕೆ 'ನಾಲ್ಕು ತಾಲ್ಲೂಕು ಟೆಸ್ಟ್' ಅಂತ ಹೆಸರು ಬಿದ್ದಿದೆ. ಕೇರಳದ ಹುಡುಗಿಯೊಬ್ಬಳು ತನ್ನ ಊರಿಗೂ ಇಂಥದ್ದೇ ಪಟ್ಟಿ ಮಾಡಿಕೊಂಡಿದ್ದಾಳೆ.

ನಮ್ಮ ಹಾಸನದಲ್ಲೇ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ ಅಂತ ನಿಮಗೆಲ್ಲ ಗೊತ್ತು. 1982ರಿಂದ ಇನ್ಸಾಟ್ ಉಪಗ್ರಹಗಳನ್ನ ಅಲ್ಲಿಂದ ನೋಡಿಕೊಳ್ತಾರೆ. 36,000 ಕಿಲೋಮೀಟರ್ ಮೇಲಿರುವ ಉಪಗ್ರಹಕ್ಕಿಂತ ತಲೆಯಿಲ್ಲದ ಕಂಪ್ಯೂಟರ್ ಬೇಕಾ? ಅದಕ್ಕೆ ಪರದೆ ಇಲ್ಲ, ಅದರ ಮುಂದೆ ಕೂರೋರೂ ಇಲ್ಲ. ಆದ್ದರಿಂದಲೇ ಕೆಳಗೆ ಹಗಲೂ ರಾತ್ರಿ ಪಾಳಿಯಲ್ಲಿ ಜನ ಪರದೆಗಳ ಮುಂದೆ ಕೂತಿರ್ತಾರೆ. ಚಿಕ್ಕಂದಿನಲ್ಲಿ ಬಸ್ಸಿನ ಕಿಟಕಿಯಿಂದ ಆ ದೊಡ್ಡ ಬಿಳಿ ಆಂಟೆನಾಗಳನ್ನ ನೋಡಿ ಬೆಳೆದವನಿಗೆ ಈ ಪಾಠ ಇಷ್ಟು ತಡವಾಗಿ ಹೊಳೆಯಬಾರದಿತ್ತು. ಯಂತ್ರದಿಂದ ಪರದೆ ತೆಗೆದರೆ ತೊಂದರೆ ಇಲ್ಲ. ಅದರ ಮುಂದೆ ಕೂತಿದ್ದ ಮನುಷ್ಯನನ್ನೂ ಜೊತೆಗೇ ತೆಗೆದುಬಿಡ್ತೀವಲ್ಲ, ಎಡವಟ್ಟಾಗೋದು ಅಲ್ಲಿ. ಭೂಮಿಯವರು ಆ ಎರಡನೇ ಪರದೆ ಇಟ್ಟಾಗ ಅವರಿಗೆ ಇದು ಗೊತ್ತಿತ್ತು.

ದೊಡ್ಡಪ್ಪನ ಹೊಸ ಚೀಟಿ ಹೋಯಿತು. ಕೊಂಡವರು ಮೂರು ದಿನದ ಚೀಟಿಗಳನ್ನೆಲ್ಲ ವಾಪಸ್ ತಗೊಂಡು ಬೇರೆ ಕೊಟ್ಟರು. ಊರಿಗೆ ಹೋದಾಗ ನಿಜ ಒಪ್ಪಿಕೊಂಡೆ, "ಆ ಚೀಟಿ ಬರೆದದ್ದು ನಾನೇ ದೊಡ್ಡಪ್ಪ" ಅಂತ. ಅವರು ಸಿಟ್ಟಾಗಲಿಲ್ಲ. ಜೇಬಿನಿಂದ ಹೊಸ ಚೀಟಿ ತೆಗೆದು ಬಿಸಿಲಿಗೆ ಹಿಡಿದು ತಮ್ಮ ಹೆಸರನ್ನ ಅಕ್ಷರ ಅಕ್ಷರವಾಗಿ ಓದಿದರು. ಆಮೇಲೆ, "ಈಗ ಸರಿ ಐತೆ. ಆದ್ರೂ ಕಳ್ಸೋಕ್ ಮುಂಚೆ ಒಂದ್ಸಲ ನೋಡ್‌ಬುಡು ಮಗಾ" ಅಂದರು.

ನಿಮ್ಮಲ್ಲಿ ಯಾರಿಗಾದರೂ ಬಿಲ್ಲು, ಟಿಕೆಟ್, ಸರ್ಟಿಫಿಕೇಟಿನಲ್ಲಿ ನಿಮ್ಮ ಊರಿನ ಹೆಸರು ಹೀಗೆ ಚೌಕವಾಗಿಯೋ ಬಿಕ್ಕಳಿಕೆಯಾಗಿಯೋ ಬಂದಿದ್ದರೆ ಇಲ್ಲಿ ಬರೆಯಿರಿ. ಒತ್ತು, ಅರ್ಕಾವತ್ತು ಇರೋ ಊರುಗಳಿದ್ದರೆ ಇನ್ನೂ ಒಳ್ಳೆಯದು. ನಮ್ಮ ಟೆಸ್ಟಿನ ಪುಟದಲ್ಲಿ ಇನ್ನೂ ಬೇಕಾದಷ್ಟು ಜಾಗ ಇದೆ.